ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು

‘ನಿನ್ನ ಕೈಲಿ ಆಗಲ್ಲ ಕಣೇ’ ಅಂತ ನನಗೆ ಮೊದಲು ಹೇಳಿದವಳು ನಮ್ಮಕ್ಕ. ಆಮೇಲೆ ಬಹಳ ಜನ ಹೇಳಿದರು. ಸೋದರಮಾವ ಹೇಳಿದರು, ಟ್ಯುಟೋರಿಯಲ್ ಮೇಷ್ಟ್ರು ಹೇಳಿದರು, ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬರು ನನ್ನ ಕೈಯಲ್ಲಿದ್ದ ಗಣಿತದ ಗೈಡು ನೋಡಿ ಹೇಳಿದರು. ಅವರೆಲ್ಲ ಹೇಳಿ ಮರೆತರು. ಅಕ್ಕ ಮಾತ್ರ ಹೇಳಿದ ಮೇಲೆ ನನ್ನ ಹತ್ತಿರ ಮಾತನ್ನೇ ಬಿಟ್ಟಳು. ಹದಿನೆಂಟು ವರ್ಷವಾಯಿತು.

ಮಾತು ಬಿಟ್ಟಳು ಅಂದರೆ ಪೂರ್ತಿ ಬಿಟ್ಟಳು ಅಂತಲ್ಲ. ಮದುವೆಮನೆಯಲ್ಲಿ ಎದುರು ಸಿಕ್ಕರೆ ‘ಊಟ ಆಯ್ತಾ’ ಅಂತ ನನ್ನ ಪಕ್ಕದ ಗೋಡೆಯನ್ನು ಕೇಳುತ್ತಾಳೆ. ನಾನೂ ಹಟದವಳು. ‘ಆಯ್ತು’ ಅಂತ ಎದುರಿನ ಕಂಬಕ್ಕೆ ಹೇಳುತ್ತೇನೆ.

ನಾನೀಗ ಮುಳಬಾಗಿಲು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಮಕ್ಕಳ ನಡುವೆ ಬದುಕುವವರಿಗೆ ನಗೆಪಾಟಲು ತಪ್ಪಿದ್ದಲ್ಲ. ದಪ್ಪ ಪುಸ್ತಕ ಓದಿಸುತ್ತೇನೆ ಅಂತ ಹೊರಟವರಿಗೆ ವಾರಕ್ಕೆ ಒಂದಾದರೂ ಗ್ಯಾರಂಟಿ.

ತಟ್ಟೆಯ ಕೆಳಗಿನ ಕಥೆಗಳು

ಸುಗಟೂರಿನ ನಮ್ಮ ಮನೆ ರೇಷ್ಮೆಹುಳದ ಮನೆ. ಅಪ್ಪ ಹೋದ ಮೇಲೆ ಅಮ್ಮ, ಅಕ್ಕ, ನಾನು ಮೂವರೇ ಹುಳ ಸಾಕಿದೆವು. ಏಳನೇ ಕ್ಲಾಸಿಗೆ ನನ್ನ ಶಾಲೆ ನಿಂತಿತು. ಹುಳದ ತಟ್ಟೆಗೆ ಹಾಸಲು ಕೋಲಾರದಿಂದ ಹಳೇ ಪೇಪರು ಕಟ್ಟುಗಟ್ಟಲೆ ಬರುತ್ತಿತ್ತು. ನನ್ನ ಮುಂದಿನ ಶಾಲೆ ಅದೇ. ಭಾನುವಾರದ ಪುರವಣಿಯ ಕಥೆ ಕಂಡರೆ ಆ ಹಾಳೆಯನ್ನು ಮೇಲಿಟ್ಟು ಹಾಸುತ್ತಿದ್ದೆ. ಆದರೆ ಹುಳಕ್ಕೇನು ಗೊತ್ತು? ಸೊಪ್ಪು ತಿಂದು ಕಥೆಯ ಮೇಲೆ ಹಿಕ್ಕೆ ಹಾಕುತ್ತಿತ್ತು. ಕೊಡವಿ ನೋಡುವಷ್ಟರಲ್ಲಿ ಕೊನೆಯ ಪ್ಯಾರಾ ನೆನೆದು ಹೋಗಿರುತ್ತಿತ್ತು. ಎಷ್ಟು ಜನ ನಾಯಕಿಯರು ಕೊನೆಗೆ ಮದುವೆಯಾದರೋ, ಬಾವಿಗೆ ಬಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ನೆಮ್ಮದಿಯಾಗಿ ಓದಲು ಸಿಗುತ್ತಿದ್ದದ್ದು ಹುಳಕ್ಕೆ ಜ್ವರ ಬಂದ ದಿನ. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಒಂದು ದಿನ ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತದೆ, ಅದಕ್ಕೆ ನಮ್ಮ ಕಡೆ ಹಾಗಂತೀವಿ. ಒಂದು ಬೆಳೆಗೆ ನಾಲ್ಕು ಸಲ. ಆವತ್ತು ಒಂದೆಲೆ ಸೊಪ್ಪೂ ಹಾಕುವಂತಿಲ್ಲ. ಕೊಯ್ಯುವ ಕೆಲಸವೂ ಇಲ್ಲ. ಹುಳ ತಲೆ ಎತ್ತಿ ನಿಂತರೆ ನಾನು ತಲೆ ತಗ್ಗಿಸಿ ಕೂರುತ್ತಿದ್ದೆ.

‘ಹುಳಕ್ಕೆ ಜ್ವರ ಬಂದ್ರೆ ಊರೋರಿಗೆಲ್ಲ ಬಿಡುವು. ಇವಳಿಗೆ ಹಬ್ಬ’ ಅನ್ನುತ್ತಿದ್ದಳು ಅಕ್ಕ. ಆದರೂ ತಾನು ಹಾಸುವ ತಟ್ಟೆಯಲ್ಲಿ ಕಥೆಯ ಹಾಳೆ ಸಿಕ್ಕರೆ ಮಡಿಸಿ ನನ್ನ ಲಂಗದ ಗಂಟಿಗೆ ಸಿಕ್ಕಿಸುತ್ತಿದ್ದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು. ಕೂಡಿಸಿ ಕೂಡಿಸಿ ಓದುವಳು. ‘ನೀನು ಓದಿ ನಂಗೆ ಹೇಳು’ ಅನ್ನುವಳು. ಹೇಳುತ್ತಿದ್ದೆ. ಕೊನೆ ಹರಿದು ಹೋಗಿದ್ದರೆ ನಾನೇ ಕಟ್ಟಿ ಹೇಳುತ್ತಿದ್ದೆ. ಒಂದು ಸಲ ನಾಯಕಿಗೆ ಮೂರು ಗಂಡು ಮಕ್ಕಳು ಕೊಟ್ಟುಬಿಟ್ಟೆ. ಅಕ್ಕ ಸೊಪ್ಪು ಹಾಕುವುದನ್ನು ನಿಲ್ಲಿಸಿ ಕೇಳಿದಳು: ‘ಲೇ, ಅವಳು ಮೊದಲ್ನೇ ಸಾಲಲ್ಲೇ ಅಜ್ಜಿ ಅಂದಿದ್ದೆ!’

ಹೆಡ್‌ಮಾಸ್ಟರು ಪುಸ್ತಕ ಎತ್ತಿ ನೋಡಿದ್ದು

ಎಸ್ಸೆಸ್ಸೆಲ್ಸಿಯಿಂದ ಬಿ.ಎ.ವರೆಗೆ ಎಲ್ಲವನ್ನೂ ಮನೆಯಲ್ಲೇ ಕೂತು ಕಟ್ಟಿದವಳು ನಾನು. ಆದ್ದರಿಂದ ಮಕ್ಕಳಿಗೆ ಇದು ಕಷ್ಟ, ಅದು ಕಷ್ಟ ಅಂತ ಯಾರಾದರೂ ಅಂದರೆ ಮೈ ಉರಿಯುತ್ತದೆ. ಈ ಶಾಲೆಗೆ ಬಂದ ವರ್ಷ ಒಂಬತ್ತನೇ ಕ್ಲಾಸಿಗೆ ಒಂದು ಕಾದಂಬರಿ ತಂದೆ. ರೇಷ್ಮೆ ಸಾಕುವ ಮನೆಯೊಂದರ ಮೂರು ತಲೆಮಾರಿನ ಕಥೆ, ಆರುನೂರು ಪುಟ. ಏಳು ಪ್ರತಿ, ಇಪ್ಪತ್ತೆರಡು ಮಕ್ಕಳು.

ಹೆಡ್‌ಮಾಸ್ಟರು ಒಂದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. ‘ಮೇಡಂ, ಇದು ಓದೋದಾ, ಗಾಳಿಗೆ ಬಾಗಿಲು ಬಡ್ಕೊಳ್ದಂಗೆ ಅಡ್ಡ ಇಡೋದಾ?’

‘ಓದೋದು ಸಾರ್.’

‘ಪಾಠದ ಪುಸ್ತಕದಲ್ಲಿ ನಾಲ್ಕು ಪುಟದ ಗದ್ಯ ಓದೋಕೇ ಇವ್ರಿಗೆ ನಿದ್ದೆ ಬರುತ್ತೆ. ಆಗೋ ಮಾತಲ್ಲ.’

ಅಷ್ಟು ಸಾಕಿತ್ತು ನನಗೆ. ಮಾರನೇ ದಿನವೇ ಹಂಚಿದೆ. ವಾರ ಕಳೆದು ಒಂದು ಪ್ರತಿ ವಾಪಸು ಬಂತು. ರಟ್ಟಿನ ಮೇಲೆ ದುಂಡಗೆ ಎಣ್ಣೆಯ ಗುರುತು.

‘ಏನಮ್ಮಾ ಇದು?’

‘ಮಿಸ್, ನಮ್ಮಜ್ಜಿ ಹಪ್ಪಳ ಒತ್ತೋಕೆ ಇಟ್ಕೊಂಡಿದ್ರು. ಮಣೆಗಿಂತ ಇದೇ ಚೆನ್ನಾಗಿ ಒತ್ತುತ್ತಂತೆ.’

‘ನೀನು ಓದೋದು ಯಾವಾಗ ಮತ್ತೆ?’

‘ಹಪ್ಪಳ ಒಣಗೋವಾಗ ಮಿಸ್.’

ಹೆಡ್‌ಮಾಸ್ಟರು ಆ ಗುರುತನ್ನು ನೋಡಿ ಬಹಳ ಸಮಾಧಾನದಿಂದ ಅಂದರು: ‘ನೋಡಿ, ನಾನು ಉಪಯೋಗಕ್ಕೇ ಬರಲ್ಲ ಅಂದಿರಲಿಲ್ಲ.’

ಮಂಡಿಯಿಂದ ಬಂದ ಉತ್ತರ

ಏಳು ಪ್ರತಿ ಇಪ್ಪತ್ತೆರಡು ಮನೆಗೆ ಸಾಲದು. ಅದಕ್ಕೆ ಫೋನಿನಲ್ಲಿ ಒಂದು ಗುಂಪು ಮಾಡಿದೆ. ಸಾಯಂಕಾಲ ನಾನು ಅಧ್ಯಾಯ ಓದಿ ಧ್ವನಿ ಕಳಿಸುವುದು, ಕೊನೆಗೆ ಒಂದು ಪ್ರಶ್ನೆ ಹಾಕುವುದು, ಮಕ್ಕಳು ಅಲ್ಲೇ ಚರ್ಚೆ ಮಾಡುವುದು. ಯೋಜನೆ ಚೆನ್ನಾಗಿತ್ತು. ಆದರೆ ಒಂದು ಮರೆತಿದ್ದೆ. ನಮ್ಮ ಮಕ್ಕಳ ಫೋನು ಮಕ್ಕಳದ್ದಲ್ಲ, ಅಪ್ಪಂದಿರದ್ದು. ಅಪ್ಪಂದಿರು ಬೆಳಗಾದರೆ ಟೊಮೇಟೊ ಬಾಕ್ಸು ಏರಿಸಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗುವವರು.

ಮೊದಲ ಪ್ರಶ್ನೆ: ‘ಅಜ್ಜ ಮನೆ ಬಿಟ್ಟು ಹೋದದ್ದು ಯಾಕೆ?’

ಬೆಳಿಗ್ಗೆ ಉತ್ತರ ಬಂತು. ಹಿಂದೆ ಹರಾಜು ಕೂಗುವ ಸದ್ದು, ಮುಂದೆ ಗಡಸು ದನಿ. ‘ಮೇಡಂ, ನಾನು ಹುಡುಗಿ ಅಪ್ಪ, ಮಂಡೀಲಿದ್ದೀನಿ. ಅಜ್ಜ ಹೋಗಿದ್ದು ಸೊಸೆ ಕಾಟಕ್ಕೆ. ಮಗಳು ಸಾಯಂಕಾಲ ನೀಟಾಗಿ ಬರೀತಾಳೆ.’

ಐದು ನಿಮಿಷಕ್ಕೆ ಇನ್ನೊಬ್ಬ ಅಪ್ಪ, ಅದೇ ಹರಾಜಿನ ಸದ್ದಿನೊಳಗಿಂದ. ‘ಅಣ್ಣಾ, ನೀನು ಸರ್ಯಾಗಿ ಕೇಳಿಲ್ಲ. ಸೊಸೆ ಅನ್ನ ಇಕ್ತೀನಿ ಅಂದ್ಲು, ಇವನೇ ತಟ್ಟೆ ತಳ್ಳಿ ಎದ್ದ. ಮೇಡಂ, ಇವರ ಮನೇಲೂ ಹಿಂಗೇನೇ.’

‘ಏಯ್, ನಮ್ಮನೆ ವಿಷ್ಯ ಯಾಕಪ್ಪ ಎತ್ತುತೀಯ?’

ಇಬ್ಬರೂ ಒಂದೇ ಮಂಡಿಯಲ್ಲಿ ಹತ್ತು ಹೆಜ್ಜೆ ದೂರದಲ್ಲಿ ನಿಂತು ಗುಂಪಿನಲ್ಲಿ ಜಗಳವಾಡುತ್ತಿದ್ದರು. ಕೊನೆಗೆ ಅವರಲ್ಲೊಬ್ಬರ ಫೋನಿನಿಂದಲೇ ಮೂರನೆಯ ದನಿ ಬಂತು, ದೊಡ್ಡ ಮನುಷ್ಯನದ್ದು. ‘ಮೇಡಂ, ನಾನು ಮಂಡಿ ಓನರು. ನಿಮ್ಮ ಅಜ್ಜನ್ನ ಬೇಗ ಮನೆಗೆ ಕರ್ಕೊಂಡ್ ಬನ್ನಿ. ಇಲ್ಲಿ ಅರ್ಧ ಗಂಟೆಯಿಂದ ಒಬ್ರೂ ಬಾಕ್ಸ್ ಇಳಿಸ್ತಿಲ್ಲ.’

ಸಮುದ್ರಕ್ಕೆ ಬಿದ್ದ ಅಜ್ಜ

ಒಬ್ಬ ಹುಡುಗ ಓದದೆ, ಕೇಳದೆ, ಫೋನಿನ ಯಾವುದೋ ಆ್ಯಪಿಗೆ ಪ್ರಶ್ನೆ ಕೊಟ್ಟು ಉತ್ತರ ತಂದ. ಚೊಕ್ಕವಾದ ಕನ್ನಡ, ನನಗೇ ಹೊಟ್ಟೆಕಿಚ್ಚಾಗುವಂಥದ್ದು. ‘ಬಿರುಗಾಳಿಗೆ ಸಿಲುಕಿದ ಹಡಗಿನಿಂದ ಅಜ್ಜನು ಸಮುದ್ರಕ್ಕೆ ಬಿದ್ದ ಸಂದರ್ಭವು ಒಂಟಿತನವನ್ನು ಸೂಚಿಸುತ್ತದೆ.’

ಓದದೇ ಇದ್ದ ಮಿಕ್ಕವರು ಅದನ್ನೇ ನಕಲು ಮಾಡಿದರು. ಊಟದ ಹೊತ್ತಿಗೆ ನಾಲ್ಕು ಅಜ್ಜಂದಿರು ನೀರು ಪಾಲಾಗಿದ್ದರು.

ಕ್ಲಾಸಿನಲ್ಲಿ ಕೇಳಿದೆ. ‘ಏನಪ್ಪಾ, ನಮ್ಮ ಕಾದಂಬರೀಲಿ ಸಮುದ್ರ ಎಲ್ಲಿದೆ?’

‘ಮುಂದೆ ಬರುತ್ತೇನೋ ಅಂದ್ಕೊಂಡೆ ಮಿಸ್.’

‘ಕೋಲಾರ ಜಿಲ್ಲೆ ಕಥೇಲಿ ಸಮುದ್ರ ಬರುತ್ತಾ?’

ಹುಡುಗ ತಲೆ ಕೆರೆದುಕೊಂಡ. ‘ಮಿಸ್, ನಮ್ಮಲ್ಲಿ ಬತ್ತಿದ ಕೆರೆಗೆ ನೀರು ಬರುತ್ತೆ ಅಂತ್ಲೂ ಯಾರೂ ನಂಬಿರ್ಲಿಲ್ಲ, ಬಂತಲ್ಲ.’

ಬೈಯಲಿಲ್ಲ. ಆದರೆ ಆ ನಾಲ್ವರನ್ನೂ ಸುಮ್ಮನೆ ಬಿಡಲಿಲ್ಲ. ಅಜ್ಜನನ್ನು ದಡಕ್ಕೆ ತಂದು ಮನೆಗೆ ಕಳಿಸುವವರೆಗೆ ತಲಾ ಎರಡು ಪುಟ ಬರೆಸಿದೆ. ಒಬ್ಬ ಅಜ್ಜನನ್ನು ಶ್ರೀನಿವಾಸಪುರದ ಮಾವಿನ ಲಾರಿ ಹತ್ತಿಸಿ ಕರೆತಂದ. ಹಡಗಿಗಿಂತ ಆ ಲಾರಿಯೇ ಚೆನ್ನಾಗಿತ್ತು.

ಮಾಲೂರು ಸ್ಟೇಷನ್ನು

ಮೊದಲು ನಾನಿದ್ದ ಶಾಲೆ ಮಾಲೂರಿನಲ್ಲಿ. ಅಲ್ಲಿಯ ನನ್ನ ಗೆಳತಿ, ವಿಜ್ಞಾನದ ಟೀಚರು, ದಿನಾ ರೈಲಿನಲ್ಲಿ ಬಂದು ಹೋಗುವವಳು. ‘ನನ್ನನ್ನೂ ಗುಂಪಿಗೆ ಹಾಕೇ, ದಾರಿ ಸವೀಲಿ’ ಅಂದಳು. ಹಾಕಿದೆ. ಅವಳಿಗೆ ಕಿವಿಗೆ ಏನನ್ನೂ ಸಿಕ್ಕಿಸಿಕೊಂಡು ಅಭ್ಯಾಸವಿಲ್ಲ. ನನ್ನ ಅಧ್ಯಾಯವನ್ನು ಬೋಗಿಗೆಲ್ಲ ಕೇಳುವ ಹಾಗೆ ಹಾಕುತ್ತಿದ್ದಳಂತೆ.

ಒಮ್ಮೆ ತರಬೇತಿಗೆಂದು ಮಾಲೂರಿಗೆ ಹೋದೆ. ಪ್ಲಾಟ್‌ಫಾರಮ್ಮಿನಲ್ಲಿ ಗೆಳತಿಯನ್ನು ಕೂಗಿದೆ, ಅಷ್ಟೇ. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬರು ಗಕ್ಕನೆ ನಿಂತರು.

‘ಇನ್ನೊಂದ್ಸಲ ಮಾತಾಡಮ್ಮಾ.’

‘ಏನಂತ ಮಾತಾಡ್ಲಿ?’

‘ಇವಳೇ! ಬನ್ರೇ, ಸಿಕ್ಕಿದ್ಲು!’ ಅಂತ ಕೂಗಿದರು. ನಾಲ್ಕೈದು ಜನ ಸುತ್ತಿಕೊಂಡರು. ಫ್ಯಾಕ್ಟರಿ ಯೂನಿಫಾರಮ್ಮಿನ ಹುಡುಗಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟು ಕೇಳಿದಳು: ‘ಶುಕ್ರವಾರ ಸೊಸೆನ ಬಾವಿ ಕಟ್ಟೆ ಮೇಲೆ ಕೂರಿಸಿ ನಿಲ್ಸಿದ್ದು ನೀವೇನಾ? ಎರಡು ದಿನ ರಜೆ ಬೇರೆ. ಅವಳು ಅಲ್ಲೇ ಕೂತಿದಾಳೆ, ನಮಗೆ ಊಟ ಸೇರಿಲ್ಲ.’

ಅಲ್ಲೇ ನಿಂತು ಬಾಯಲ್ಲಿ ಕಥೆ ಹೇಳಿ ಸೊಸೆಯನ್ನು ಬಾವಿಕಟ್ಟೆಯಿಂದ ಇಳಿಸಿದೆ. ಅಷ್ಟರಲ್ಲಿ ಅವರ ರೈಲು ಹೊರಟು ಹೋಯಿತು. ‘ಹೋಗ್ಲಿ ಬಿಡು, ಅವಳು ಇಳಿದ್ಲಲ್ಲ’ ಅಂದರು ಹೂವಿನವರು.

ಅಷ್ಟೇನಾ

ಇಷ್ಟೆಲ್ಲ ಜನ ಕೇಳುತ್ತಿದ್ದರು. ಆದರೆ ನಾನು ಆ ಪುಸ್ತಕವನ್ನು ಗಟ್ಟಿಯಾಗಿ ಓದಿದ್ದು ಇವರಿಗಾಗಿ ಮಾತ್ರ ಅಲ್ಲ. ಇದನ್ನು ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯ ದಿನ ನಮ್ಮ ಮನೆಯ ಹುಳ ಒಟ್ಟಿಗೇ ಹಣ್ಣಾಯಿತು, ಗೂಡು ಕಟ್ಟುವ ಹದಕ್ಕೆ ಬಂತು. ಹಣ್ಣಾದ ಹುಳವನ್ನು ಕೂಡಲೇ ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಂಕಿ ತಟ್ಟೆಗೆ ಬಿಡಬೇಕು, ಇಲ್ಲದಿದ್ದರೆ ಸೊಪ್ಪು ಕಸದ ಮೇಲೇ ಗೂಡು ಕಟ್ಟಿ ಹಾಳಾಗುತ್ತದೆ. ಅದು ಅಕ್ಕನ ಮದುವೆಗೆ ಅಂತ ಇಟ್ಟುಕೊಂಡಿದ್ದ ಬೆಳೆ.

‘ಮುಂದಿನ ಸಲ ಬರಿ. ಇವತ್ತು ಕೈ ಬೇಕು’ ಅಂದಳು ಅಕ್ಕ.

‘ಇವತ್ತು ಬಿಟ್ರೆ ಮತ್ತೆ ನನ್ನನ್ನ ಯಾರೂ ಬಿಡಲ್ಲ’ ಅಂದೆ.

‘ನಿನ್ನ ಕೈಲಿ ಆಗಲ್ಲ ಕಣೇ. ಹೋಗೋದಾದ್ರೆ ಹೋಗು. ನನ್ನ ಹತ್ರ ಮಾತಾಡ್ಬೇಡ.’

ನಾನು ಬಸ್ಸು ಹತ್ತಿದೆ. ಅಮ್ಮ, ಅಕ್ಕ ಇಬ್ಬರ ಕೈಯಲ್ಲಿ ಅಷ್ಟು ಹುಳ ಆರಿಸಿ ಮುಗಿಯಲಿಲ್ಲ. ಅರ್ಧ ಬೆಳೆ ಹೋಯಿತು, ಮದುವೆ ಒಂದು ವರ್ಷ ಮುಂದೆ ಹೋಯಿತು. ಗಣಿತದಲ್ಲಿ ನನಗೆ ಮೂವತ್ತೈದು ಬಂತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.

ಅಕ್ಕನನ್ನು ಕೊಟ್ಟದ್ದು ಮುಳಬಾಗಿಲು ಕಡೆಗೆ. ಅಲ್ಲೂ ಹುಳ. ವರ್ಗಾವಣೆಗೆ ಊರು ಆರಿಸಿಕೊಳ್ಳಿ ಅಂದಾಗ ಕೋಲಾರಕ್ಕೆ ಹತ್ತಿರದ ಶಾಲೆ ಖಾಲಿಯಿತ್ತು. ನಾನು ಈ ಶಾಲೆ ಬರೆದೆ. ‘ಅಲ್ಲಿಗೆ ಯಾಕ್ರೀ? ದಿನಾ ಎರಡು ಬಸ್ಸು ಬದಲಾಯಿಸ್ಬೇಕು’ ಅಂದರು ಗುಮಾಸ್ತರು. ‘ಗಾಳಿ ಚೆನ್ನಾಗಿದೆ’ ಅಂದೆ. ಅಕ್ಕನ ಮಗಳು ಅಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಳು.

ಆ ಹುಡುಗಿ ಶಾಲೆಯಲ್ಲಿ ನನಗೆ ಮಿಸ್ ಅನ್ನುತ್ತಾಳೆ, ಗಾಬರಿಯಾದಾಗ ಚಿಕ್ಕಮ್ಮ ಅಂದುಬಿಡುತ್ತಾಳೆ. ಅವಳು ಗುಂಪಿಗೆ ಸೇರಿದ್ದು ಅಮ್ಮನ ಫೋನಿನಿಂದ. ನಾನು ಕಳಿಸಿದ ಧ್ವನಿಯನ್ನು ಯಾರು ಯಾರು, ಎಷ್ಟು ಹೊತ್ತಿಗೆ ಕೇಳಿದರು ಅಂತ ಫೋನು ತೋರಿಸುತ್ತದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ. ಅಕ್ಕನ ನಂಬರು, ಐದೂವರೆ. ಸೊಪ್ಪು ಕೊಯ್ಯುವ ಹೊತ್ತು.

ಒಂದು ದಿನ ತಡೆಯಲಾರದೆ ಹುಡುಗಿಯನ್ನು ಕೇಳಿದೆ. ‘ಬೆಳಿಗ್ಗೆ ಬೆಳಿಗ್ಗೇನೇ ಕೇಳ್ತೀಯಲ್ಲ, ಭೇಷ್.’

‘ನಾನಲ್ಲ ಮಿಸ್, ಅಮ್ಮ. ಫೋನು ಸೊಂಟಕ್ಕೆ ಸಿಕ್ಕಿಸ್ಕೊಂಡು ತೋಟಕ್ಕೆ ಹೋಗ್ತಾಳೆ.’

‘ಏನಂತಾಳೆ?’

‘ಏನೂ ಅನ್ನಲ್ಲ. ಮುಗಿದ್ಮೇಲೆ ಅಷ್ಟೇನಾ ಅಂತಾಳೆ.’

ಅಷ್ಟೇನಾ! ಹದಿನೆಂಟು ವರ್ಷದ ಮೇಲೆ ಅಕ್ಕ ನನ್ನ ಬಗ್ಗೆ ಆಡಿದ ಮಾತು. ಅವತ್ತು ಸಾಯಂಕಾಲ ಒಂದರ ಬದಲು ಎರಡು ಅಧ್ಯಾಯ ಓದಿದೆ. ಮಾರನೇ ದಿನ ಹುಡುಗಿಯನ್ನು ಕೇಳಿದೆ. ‘ನಿನ್ನೆ ಏನಂದ್ಲು?’

‘ನಿನ್ನೆ ಜಾಸ್ತಿ ಆಯ್ತಂತೆ ಮಿಸ್. ಸೊಪ್ಪು ಮುಗಿದ್ರೂ ಕಥೆ ಮುಗೀಲಿಲ್ಲ ಅಂತ ಬೈಕೊಂಡ್ಲು.’

ಹದಿನೇಳನೇ ಅಧ್ಯಾಯ

ಹದಿನೇಳನೇ ಅಧ್ಯಾಯ ಆ ಪುಸ್ತಕದಲ್ಲೇ ನನಗೆ ಬಹಳ ಇಷ್ಟದ್ದು. ಊರು ಬಿಟ್ಟು ಹೋದ ಗಂಡ ಇನ್ನು ಬರುವುದಿಲ್ಲ ಅಂತ ಸೊಸೆಗೆ ಗೊತ್ತಾಗುತ್ತದೆ. ಅವಳು ಹುಳದ ಮನೆಗೆ ಹೋಗುತ್ತಾಳೆ. ನಾಲ್ಕನೇ ಜ್ವರಕ್ಕೆ ಕೂತ ಹುಳಗಳು ತಲೆ ಎತ್ತಿ ಅವಳನ್ನೇ ನೋಡುತ್ತಿರುತ್ತವೆ. ಅವಳು ತೆಕ್ಕೆಗಟ್ಟಲೆ ಸೊಪ್ಪು ತಂದು ತಟ್ಟೆ ತಟ್ಟೆಗೂ ಹಾಕಿ ಅಳುತ್ತಾಳೆ. ಆ ಭಾಗವನ್ನು ನಿಧಾನವಾಗಿ, ರಾಗವಾಗಿ ಓದಿದೆ. ಕೊನೆಗೆ ಪ್ರಶ್ನೆ ಹಾಕಿದೆ: ‘ಹುಳಗಳಿಗೆ ಸೊಪ್ಪು ಹಾಕುವ ಈ ದೃಶ್ಯ ಏನನ್ನು ಸೂಚಿಸುತ್ತದೆ?’

ಮಕ್ಕಳು ಉಕ್ಕಿಬಿಟ್ಟರು. ‘ಇದು ತಾಯ್ತನದ ಸಂಕೇತ.’ ‘ತನಗೆ ಸಿಗದ ಪ್ರೀತಿಯನ್ನು ಆಕೆ ಹುಳಗಳಿಗೆ ಕೊಡುತ್ತಿದ್ದಾಳೆ.’ ‘ಹುಳಗಳೇ ಅವಳ ಮಕ್ಕಳು.’ ಹದಿನಾರು ಉತ್ತರ. ಒಂದಕ್ಕಿಂತ ಒಂದು ಚೆಂದ. ಗುಂಪಿಗೆ ಸೇರಿಕೊಂಡಿದ್ದ ಹೆಡ್‌ಮಾಸ್ಟರು ಕೂಡ ಎರಡು ಕೈ ಮುಗಿದ ಚಿತ್ರ ಹಾಕಿದರು. ಗೆದ್ದೆ ಅಂದುಕೊಂಡೆ.

ಬೆಳಿಗ್ಗೆ ಐದೂ ಮುಕ್ಕಾಲಿಗೆ ಅಕ್ಕನ ನಂಬರಿನಿಂದ ಒಂದು ಧ್ವನಿ ಬಂದಿತ್ತು. ಹುಡುಗಿಯದಿರಬೇಕು ಅಂತ ಒತ್ತಿದೆ.

‘ಮೇಡಂ,’ ಅಂತ ಶುರುವಾಯಿತು. ಹಿಂದೆ ಸೊಪ್ಪು ಮುರಿಯುವ ಸದ್ದು. ‘ಈ ಬುಕ್ಕು ಬರ್ದಿರೋರು ಯಾರು ಮೇಡಂ? ಒಂದು ದಿನಾನಾದ್ರೂ ಹುಳ ಸಾಕವ್ರಾ? ಜ್ವರಕ್ಕೆ ಕೂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಹಾಕಿ ಅಳ್ತಾಳಂತೆ! ಅಳ್ದೆ ಏನ್ ಮಾಡ್ತಾಳೆ, ಕೆಲವು ತಿಂದು ಕೆಲವು ತಿನ್ನದೆ ಹುಳ ಎಲ್ಲ ಏರುಪೇರಾಗಿ ಹೋಯ್ತಲ್ಲ! ಈ ಮಕ್ಕಳು ನೋಡಿದ್ರೆ ತಾಯ್ತನ ಗೀಯ್ತನ ಅಂತ ಬರ್ದವ್ರಂತೆ. ಯಾಕೆ, ಇವರ ಅಪ್ಪಂದ್ರು ಯಾರೂ ಹುಳ ಇಟ್ಟಿಲ್ವಾ? ಹೋಗ್ಲಿ, ಅವು ಮಕ್ಕಳು.’ ಇಲ್ಲಿ ಸೊಪ್ಪಿನ ಹೊರೆ ಧೊಪ್ಪನೆ ಇಳಿಸಿದ ಸದ್ದು. ಆಮೇಲೆ, ‘ನೀನೇನೇ? ಹುಳದ ಮನೇಲಿ ಹುಟ್ಟಿ, ಜ್ವರದ ದಿನಾನೇ ಕೂತ್ಕೊಂಡು ಓದೋದು ಕಲ್ತೋಳು. ಅಷ್ಟೊಂದು ಓದಿ ಇದನ್ನ ಮರ್ತ್ಬಿಟ್ಟೆಯೇನೇ?’

ನಾನು ಹಾಸಿಗೆಯ ಮೇಲೆ ಎದ್ದು ಕೂತೆ. ಅಕ್ಕನ ಕನ್ನಡಕ್ಕೆ ಗಡಿ ಕಡೆಯ ತೆಲುಗಿನ ರಾಗ ಹತ್ತಿತ್ತು. ಸಾಲಿನ ಕೊನೆ ಎಳೆಯುತ್ತಿದ್ದಳು. ನನಗೆ ಗೊತ್ತೇ ಇರಲಿಲ್ಲ.

ನಿಜ, ನಾನು ಮರೆತಿದ್ದೆ. ಆ ಅಧ್ಯಾಯವನ್ನು ಆರು ಸಲ ಓದಿದ್ದೆ, ಒಂದು ಸಲವೂ ಹೊಳೆದಿರಲಿಲ್ಲ. ಒಪ್ಪಿಕೊಳ್ಳಬಹುದಿತ್ತು. ಆದರೆ ಹಟ ಹುಟ್ಟುಗುಣ. ಗುಂಪಿನಲ್ಲೇ ಧ್ವನಿ ಹಾಕಿದೆ. ‘ಅಕ್ಕಾ, ಅದು ಸಂಕೇತ.’

ತಕ್ಷಣ ಬಂತು. ‘ಸಂಕೇತಕ್ಕೆ ಅಂತ ತಟ್ಟೆ ಹುಳ ಸಾಯಿಸ್ತಾರೇನೇ?’

ಅಷ್ಟರಲ್ಲಿ ಮಂಡಿಗೆ ಹೊರಟ ಅಪ್ಪಂದಿರು ಎದ್ದಿದ್ದರು. ‘ಆಯಮ್ಮ ಹೇಳೋದು ಕರೆಕ್ಟು’ ಅಂದರು ಒಬ್ಬರು. ‘ನಾನೂ ರಾತ್ರೀನೇ ಅಂದೆ, ನಮ್ಮ ಹುಡುಗ ಸುಮ್ನಿರಿ, ಸಾಹಿತ್ಯ ಅಂದ’ ಅಂದರು ಇನ್ನೊಬ್ಬರು. ಆಮೇಲೆ ಪರದೆಯ ಮೇಲೆ ಒಂದರ ಹಿಂದೆ ಒಂದು ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬರತೊಡಗಿತು. ಹದಿನಾರೂ ತಾಯ್ತನ ಕಣ್ಣೆದುರೇ ಮಾಯ. ಹೆಡ್‌ಮಾಸ್ಟರು ತಮ್ಮ ಕೈ ಮುಗಿದ ಚಿತ್ರವನ್ನು ಮೇಲಿಂದ ತೆಗೆದು ಅಕ್ಕನ ಮಾತಿನ ಕೆಳಗೆ ಹಾಕಿದರು.

ಕೊನೆಗೆ ಅಕ್ಕನದು ಇನ್ನೊಂದು ಬಂತು, ಚಿಕ್ಕದು. ‘ಆಮೇಲೆ ಆ ಹುಳ ಏನಾಯ್ತು? ಬೇಗ ಓದು. ಅಲ್ಲಿ ಕೊನೆ ಹರಿದು ಹೋಗಿದ್ರೆ ನೀನೇ ಏನಾದ್ರೂ ಕಟ್ಟಿ ಹೇಳ್ಬೇಡ.’

ಈಗ ನನ್ನ ಹತ್ತಿರ ಕಾಯಂ ಕೆಲಸವಿದೆ. ಎರಡು ಬೀರು ತುಂಬ ಪುಸ್ತಕವಿದೆ, ಎಲ್ಲದಕ್ಕೂ ಕೊನೆಯ ಪುಟವಿದೆ. ಆರುನೂರು ಪುಟದ ಒಂದೇ ಕಾದಂಬರಿಯ ಏಳು ಪ್ರತಿಯಿದೆ, ಒಂದರ ಮೇಲೆ ಹಪ್ಪಳದ ಗುರುತು. ಇಷ್ಟಕ್ಕೆ ಹೋದದ್ದು ಅಕ್ಕನ ಮದುವೆಯ ಅರ್ಧ ಬೆಳೆ, ಅವಳ ಒಂದು ವರ್ಷ, ನಮ್ಮಿಬ್ಬರ ಹದಿನೆಂಟು ವರ್ಷದ ಮಾತು, ಮತ್ತು ಹುಳದ ಬಗ್ಗೆ ನನಗೆ ಗೊತ್ತಿದ್ದದ್ದು. ಫೋನಿನಲ್ಲಿ ಅಕ್ಕನ ಮೂರು ಬೈಗುಳ ಇವೆ. ಅವನ್ನು ಅಳಿಸಿಲ್ಲ.